ಹನ್ನೆರಡನೇ ತಿಂಗಳು

ಕರಾರು ಹನ್ನೊಂದು ತಿಂಗಳಿಗೆ.
ಬೇವಿನ ಮರದಡಿ ಕೂತ ಟೈಪಿಸ್ಟು
ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು
ಮೊದಲೇ ಹೊಡೆದಿಟ್ಟಿರುತ್ತಾನೆ ಛಾಪಾ ಕಾಗದ.
ಹನ್ನೆರಡನೇ ತಿಂಗಳು ನಾವು ಎಲ್ಲಿರುತ್ತೇವೆ ಅಂತ
ಆ ಕಾಗದಕ್ಕೂ ಗೊತ್ತಿಲ್ಲ.

ಮುಗಿದವು ಒಂಬತ್ತು, ಈಗಿನದು ಹತ್ತನೆಯದು,
ಮನೆ ಅದೇ.
ಅಂದರೆ ಒಂಬತ್ತು ತಿಂಗಳು ನಾವು ಎಲ್ಲೂ ಬದುಕಿಲ್ಲ ಅಂತಾಯ್ತು.
'ಇಂಚರ ಹುಟ್ಟಿದ್ದು ಅದರೊಳಗೇ ಇರಬೇಕು'
ಅಂದಳು ಮಾದೇವಿ,
ರೊಟ್ಟಿ ಮಗುಚುತ್ತಾ, ನಗದೆ.

ಮಂಡಿ ಮೊಹಲ್ಲಾದ ವಠಾರ. ಆರು ಮನೆ,
ಎರಡು ಕಕ್ಕಸು, ಒಂದು ನಲ್ಲಿ.
ಗೋಡೆಗೆ ಮೊಳೆ ಹೊಡೆಯುವಂತಿಲ್ಲ.
ಅಪ್ಪನ ಫೋಟೊ ಅಕ್ಕಿ ಡಬ್ಬಕ್ಕೆ ಒರಗಿದೆ.
ಕ್ಯಾಲೆಂಡರು ಕಿಟಕಿಯ ಸರಳಿಗೆ;
ಗಾಳಿ ಜೋರಾದರೆ ಆಗಸ್ಟು ಮಗುಚಿ ಜುಲೈ ಆಗುತ್ತದೆ.

ನನ್ನ ಕಸುಬಿಗೂ ಮೊಳೆ ಸೇರುವುದಿಲ್ಲ, ಬಿಡಿ.
ಬೀಟೆ ಹಲಗೆಯಲ್ಲಿ ಗುಳಿ ತೋಡಿ ಅಂಟು ಹಾಕಿ
ಹಲಸಿನ ಚೂರಲ್ಲಿ ಗೋಡೆ, ಮಾವಿನದರಲ್ಲಿ ಸೂರು,
ದಂತ ನಿಂತು ಹೋದ ಮೇಲೆ
ಪ್ಲಾಸ್ಟಿಕ್ಕಿನ ಚಂದ್ರ.
ದಿನಕ್ಕೆ ಮೂರು ಮನೆ ಕೂರಿಸುತ್ತೇನೆ.
ಅರಮನೆ ಕಡೆಯ ಅಂಗಡಿಗಳಲ್ಲಿ ಮಾರಿ ಹೋಗುತ್ತವೆ,
ಅವುಗಳ ಒಳಗಿರೋರು ಯಾವ ಜನ ಅಂತ
ಯಾರೂ ಕೇಳುವುದಿಲ್ಲ.

ನಮ್ಮನ್ನು ಕೇಳಿದ್ದರು.
ಸರಸ್ವತಿಪುರದಲ್ಲಿ ಗೇಟಿಗೆ ಬೋರ್ಡು ತೂಗುತ್ತಿತ್ತು.
ಹೆಸರು ಕೇಳಿ, ಊರು ಕೇಳಿ,
ಭಾನುವಾರ ಏನು ಅಡುಗೆ ಅಂತ ಕೇಳಿ,
'ಅಯ್ಯೋ, ನಿನ್ನೆಯೇ ಕೊಟ್ಟಾಯ್ತಲ್ಲ' ಅಂದರು.
ವಾರ ಬಿಟ್ಟು ಆ ದಾರಿಯಲ್ಲೇ ಸೈಕಲ್ ಹೊಡೆದೆ.
ಬೋರ್ಡು ತೂಗುತ್ತಲೇ ಇತ್ತು.

ಸರ್ಕಾರದ ಮನೆಗೆ ಅವ್ವ ಅರ್ಜಿ ಹಾಕಿದ್ದು
ನನಗೆ ಮೀಸೆ ಬರುವ ಮೊದಲು.
ಅವಳ ತಿಥಿ ಕಳೆದ ಮೇಲೆ ಬಂತು ಹಿಂಬರಹ:
ವಾಸದ ದಾಖಲೆ ಲಗತ್ತಿಸುವುದು.
ದಾಖಲೆಗೆ ಬಾಡಿಗೆ ರಸೀತಿ ಬೇಕು.
ರಸೀತಿ ಕೇಳಿದರೆ ಮಾಲೀಕರು ಪುಟ್ಟಬಸಪ್ಪನವರು
ಎಲೆಯಡಿಕೆ ಬಾಯಲ್ಲಿ ನಕ್ಕು,
'ನಂಬಿಕೆ ಇಲ್ವೇನಪ್ಪಾ?'
ಇದೆ ಸಾರ್.
ಅದನ್ನು ಲಗತ್ತಿಸಲು ಬರುವುದಿಲ್ಲ.

ಶಿವರಾತ್ರಿ ಮುಗಿದು ಚಳಿ ಹೋಗಿತ್ತು.
'ಬಾಡಿಗೆ ಡಬಲ್ಲು, ಇಲ್ಲಾ ಖಾಲಿ' ಅಂದರು.
ಮಾರನೇ ಬೆಳಿಗ್ಗೆ ನಲ್ಲಿಗೆ ತಿರುಪೇ ಇರಲಿಲ್ಲ.
ಆರು ಮನೆಯ ಕೊಡಗಳು ಅಂಗಳದಲ್ಲಿ
ಬಾಯಿ ತೆರೆದು ಕೂತಿದ್ದವು.
ಆಗ ಕೋರ್ಟಿನಲ್ಲಿ ಕಸ ಗುಡಿಸುವ ಡೆಲ್ಫಿನಮ್ಮ,
ಸೆರಗಲ್ಲಿ ಮುಖ ಒರೆಸಿಕೊಂಡು:
'ಕೈಲಿ ಕೊಡಬೇಡ್ರಿ ಕಣ್ರೋ. ಮನಿಯಾರ್ಡರ್ ಮಾಡಿ.
ತಗೊಂಡ್ರೆ ಅದೇ ರಸೀತಿ.
ತಗೊಳ್ಳಲಿಲ್ಲ ಅನ್ನಿ, ಅದೂ ರಸೀತಿ.'

ಆರು ಫಾರಂ ತಂದೆವು.
ಬೀಡಿ ಸುತ್ತುವ ಖುರ್ಷಿದಾ ಹೆಬ್ಬೆಟ್ಟು ಒತ್ತಿದಳು,
ತಂಬಾಕಿನ ಪುಡಿಯೂ ಅಂಟಿತು ಅದಕ್ಕೆ.
ಇಂಚರ ನಾಲಿಗೆ ಕಚ್ಚಿ ದುಂಡಗೆ ಬರೆದಳು
'ಇಂದ' ಅನ್ನುವ ಕಡೆ
ನನ್ನ ಹೆಸರು, ಅದರ ಕೆಳಗೆ ಮನೆ ನಂಬರು ನಾಲ್ಕು.
ಅವೆರಡೂ ಒಂದೇ ಕಾಗದದಲ್ಲಿ ಕೂತದ್ದು
ಅವತ್ತೇ ಮೊದಲು.

ಹತ್ತು ದಿನಕ್ಕೆ ಅಂಚೆ ಚಿಕ್ಕಲಿಂಗಯ್ಯ
ದುಡ್ಡು ವಾಪಸ್ಸು ತಂದ.
ಫಾರಮ್ಮಿನ ಮೇಲೆ ಕೆಂಪು ಶಾಯಿ:
ಪಡೆಯಲು ನಿರಾಕರಿಸಿದರು.
'ಪಾಪ, ತಗೊಳ್ಳಲಿಲ್ಲ' ಅಂತ ಅವನು ಪೇಚಾಡಿಕೊಂಡರೆ
ಆರೂ ಮನೆಯವರು ಅವನಿಗೆ ಟೀ ಕೊಟ್ಟೆವು.
ಅಷ್ಟೂ ಕುಡಿದ.
ಯಾಕೆ ಅಂತ ತಿಳಿಯದೆ ಹೋದ.

ಕೋರ್ಟಿನಿಂದ ಈಗ ತಾರೀಖು ಬಂದಿದೆ.
ಗೆಲ್ಲುತ್ತೇವೋ ಇಲ್ಲವೋ, ವಕೀಲರೂ ಹೇಳುವುದಿಲ್ಲ.
ಕಿಟಕಿಯ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿದೆ:
ಕರಾರು ಮುಗಿದ ಮೇಲಿನ ತಿಂಗಳು ಅದು.
ಆ ತಿಂಗಳು ನಾವು ಎಲ್ಲಿರಬೇಕು ಅಂತ
ಯಾರೋ ಕೊನೆಗೂ ಬರೆದು, ಮೊಹರು ಒತ್ತಿ ಕೊಟ್ಟಿದ್ದಾರೆ:
ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದು,
ಹಾಲ್ ನಂಬರು ಮೂರು.